ಹದಿನೇಳನೆಯ ಮಾಸು

ಹೆರಿಗೆ ಕೋಣೆಯಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲಿದ್ದರೆ, ಸಂಶೋಧನೆಯ ನರ್ಸಾದ ಅವಳ ಕಣ್ಣು ಅದರ ಹಿಂದೆ ಬರುವ ಮಾಸಿನ ಮೇಲೆ. ಅರ್ಧ ಗಂಟೆಯೊಳಗೆ ಅದನ್ನು ತೊಳೆದು, ಚೂರು ಕತ್ತರಿಸಿ, ನಂಬರ್ ಅಂಟಿಸಿ ಪ್ರಯೋಗಾಲಯದ ಫ್ರೀಜರಿಗೆ ಸೇರಿಸಬೇಕು. ಬಸುರಿಯರಿಗೆ ಇದ್ದಕ್ಕಿದ್ದಂತೆ ಬಿಪಿ ಏರುವುದೇಕೆ, ಮಗುವಿಗೆ ಊಟ ಉಸಿರು ಕೊಡಬೇಕಾದ ಮಾಸು ಕೈಕೊಡುವುದೇಕೆ ಎಂದು ಅಲ್ಲಿ ಹುಡುಕುತ್ತಾರೆ. ಡಬ್ಬಿ ಹಿಡಿದು ಓಡುವವಳನ್ನು ತಡೆದು ಮನೆಯವರು, "ಏನು ಮಗು ಸಿಸ್ಟರ್?" ಎನ್ನುತ್ತಾರೆ. ಅವಳು ನೋಡಿದ್ದರೆ ತಾನೆ ಹೇಳುವುದಕ್ಕೆ!

ಮಾಸು ಕೊಟ್ಟ ಹೆಂಗಸರಿಗೆ ವರ್ಷಕ್ಕೊಮ್ಮೆ ಫೋನು ಮಾಡಿ ವಿಚಾರಿಸುವ ಕೆಲಸವೂ ಅವಳದೇ. ಬಸಿರಿನಲ್ಲಿ ಬಿಪಿ ಬಂದವರಿಗೆ ಮುಂದೆ ಹೃದಯದ ಕಾಟ ಹೆಚ್ಚು. "ಬಿಪಿ ನೋಡಿಸಿಲ್ವಾ? ಮನೆಮಂದಿಗೆಲ್ಲ ಮಾತ್ರೆ ಕೊಡೋಕೆ ನೆನಪಿರುತ್ತೆ, ನಿಮ್ದೊಂದೇ ಮರೆತುಹೋಗುತ್ತೆ!" ಎಂದು ಬೈದು, ನಗಿಸಿ, ಆಸ್ಪತ್ರೆಗೆ ಹೊರಡಿಸಿಯೇ ಬಿಡುವಳು.

ಹದಿನೇಳನೆಯ ನಂಬರಿನ ಮುಂದೆ ಮಾತ್ರ, ತಾನು ಫೋನು ಮಾಡತೊಡಗಿದ ಎರಡು ವರ್ಷವೂ, "ಫೋನ್ ಎತ್ತಲಿಲ್ಲ" ಎಂದು ಬರೆದಿದ್ದಳು. ಶುದ್ಧ ಸುಳ್ಳು. ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ, ಹದಿನೇಳು ಎಂದರೆ ಅವಳೇ. ಈ ಕೆಲಸಕ್ಕೆ ಸೇರುವ ಮೊದಲು, ಒಂಬತ್ತು ವರ್ಷದ ಹಿಂದೆ, ಬಿಪಿ ಏರಿ ಏಳು ತಿಂಗಳಿಗೇ ಉಸಿರಿಲ್ಲದೆ ಹುಟ್ಟಿದ ಮಗುವಿನ ಮಾಸು ಅದು. ಮಗು ಮಣ್ಣಾಯಿತು, ವರ್ಷದೊಳಗೆ ಗಂಡನೂ ತನ್ನ ದಾರಿ ಹಿಡಿದ. ಉಳಿದದ್ದು ಫ್ರೀಜರಿನೊಳಗಿನ ಆ ಹೆಬ್ಬೆರಳುದ್ದದ ಸೀಸೆ. ಮನೆಗೆ ಹೋಗಲು ಮನಸ್ಸಾಗದ ಸಂಜೆಗಳಲ್ಲಿ ಫ್ರೀಜರಿನ ಮುಂದೆ ಸುಮ್ಮನೆ ನಿಂತಿರುತ್ತಿದ್ದಳು.

ಮೂರನೆಯ ವರ್ಷ ಪ್ರಯೋಗಾಲಯದ ಚಿಕ್ಕ ಡಾಕ್ಟರಮ್ಮ ಬಂದಳು. "ಅಕ್ಕಾ, ಹದಿನೇಳು ಈ ಸಲಾನೂ ಸಿಗ್ಲಿಲ್ಲ ಅಂದ್ರೆ ಆ ಸೀಸೆ ಎಸೆದುಬಿಡೋಣ. ಮೂರು ವರ್ಷ ಸುದ್ದಿ ಇಲ್ಲ ಅಂದ್ರೆ ಇಟ್ಕೊಳ್ಳೋ ಹಾಗಿಲ್ಲ."

"ಇನ್ನೊಂದ್ಸಲ ನೋಡ್ತೀನಿ," ಎಂದಳು.

ಎಲ್ಲರೂ ಊಟಕ್ಕೆ ಹೋದ ಮೇಲೆ ಫಾರಂ ತೆಗೆದಳು. ಅಭ್ಯಾಸದ ದನಿಯಲ್ಲೇ ತನ್ನನ್ನೇ ಕೇಳಿಕೊಂಡಳು: "ಚೆನ್ನಾಗಿದ್ದೀರಾ ಅಮ್ಮಾ?" ಹಾಗೆ ತನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಒಂದೊಂದೇ ಪ್ರಶ್ನೆಗೆ ಉತ್ತರ ಬರೆದಳು. ಮತ್ತೆ ಬಸಿರು? ಇಲ್ಲ. ಜೊತೆಯಲ್ಲಿರುವವರು? ಇಲ್ಲ. ಈಗಿನ ಬಿಪಿ? ಊರಿಗೆಲ್ಲ ಬುದ್ಧಿ ಹೇಳುವವಳು ಒಮ್ಮೆಯೂ ನೋಡಿಕೊಂಡಿರಲಿಲ್ಲ. ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿದಳು. ನೂರ ಎಂಬತ್ತು. ಇನ್ನೊಮ್ಮೆ ನೋಡಿದಳು. ಅಷ್ಟೇ ಇತ್ತು.

ಡಾಕ್ಟರಮ್ಮ ಊಟ ಮುಗಿಸಿ ಬಂದು ಬಾಗಿಲಲ್ಲೇ ಕೇಳಿದಳು. "ಹದಿನೇಳು ಸಿಕ್ರಾ ಅಕ್ಕಾ?"

"ಸಿಕ್ಕಿದ್ರು. ಬಿಪಿ ನೂರ ಎಂಬತ್ತಿದೆ."

"ಅಯ್ಯೋ! ಜೊತೆಗೆ ಯಾರಿದ್ದಾರೆ? ಈಗ್ಲೇ ಬರೋಕೆ ಹೇಳಿ."

"ಯಾರೂ ಇಲ್ಲ. ಬಂದಿದ್ದಾರೆ," ಎಂದಳು. ತೋಳಿನ ಪಟ್ಟಿಯನ್ನು ಅವಳಿನ್ನೂ ಬಿಚ್ಚಿರಲಿಲ್ಲ.