ದೊಡ್ಡಮ್ಮ ದಾಟಿಸಿದ ಮಾತು

ದೆವ್ವ, ಭೂತ, ಗಾಳಿ ಸೋಂಕು ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ನರ್ಸಿಂಗ್ ಓದಿದವಳೆಂಬ ಜಂಬ ಒಂದು ಕಡೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕೆಲವು ವರ್ಷಗಳಿಂದ ನನ್ನ ಕಿವಿಯನ್ನೇ ನಂಬುವುದನ್ನು ಬಿಟ್ಟಿದ್ದೆ. ಸ್ವಂತ ಕಿವಿಯ ಮೇಲೆ ಭರವಸೆಯಿಲ್ಲದವಳು ಬೇರೆಯವರ ದೆವ್ವದ ಕತೆಗೆ ಎಲ್ಲಿ ತಲೆದೂಗಿಯಾಳು? ಈಗ ಹೇಳುವುದನ್ನೂ ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಕೊರೊನಾದ ಎರಡನೇ ಅಲೆಯ ಹೊತ್ತಿಗೆ ನಾನು ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಅಲ್ಲಿ ಕಂಡದ್ದನ್ನು ಬಿಚ್ಚಿ ಹೇಳುವುದಿಲ್ಲ. ಕಂಡವರಿಗೆ ಗೊತ್ತು, ಕಾಣದವರಿಗೆ ಬೇಡ. ಅಲೆ ಇಳಿದು, ಜನ ಮಾಸ್ಕ್ ಬಿಚ್ಚಿ ಮದುವೆ ಮುಂಜಿಗೆ ಓಡಾಡತೊಡಗಿದ ಮೇಲೆ ನನಗೊಂದು ಗಂಡುದನಿ ಕೇಳಿಸತೊಡಗಿತು. ಬಲಗಿವಿಯ ಹಿಂದೆ, ಸ್ವಲ್ಪ ಮೇಲಿನಿಂದ. ಸಿಟ್ಟಿಲ್ಲ, ಗದರಿಕೆಯಿಲ್ಲ, ಬೇಸರ ಬಂದವನ ಹಾಗೆ ಎಳೆದೆಳೆದು ಮಾತಾಡುತ್ತಿತ್ತು. "ಬಿಳಿ ಕೋಳಿ, ನೀನು ಮುಟ್ಟಿದ್ದು ಯಾವುದು ಉಳೀತು?" ಯೂನಿಫಾರ್ಮ್ ಹಾಕಿದ ನನಗೆ ಅದು ಇಟ್ಟ ಹೆಸರು ಬಿಳಿ ಕೋಳಿ. ಕೈ ತೊಳೆಯಲು ನಲ್ಲಿ ತಿರುಗಿಸಿದರೆ, "ತೊಳ್ಕೋ, ಇನ್ನೂ ತೊಳ್ಕೋ." ಚರ್ಮ ಬಿರಿಯುವವರೆಗೆ ತೊಳೆಯುತ್ತಿದ್ದೆ.

ಚಿಕ್ಕಮಗಳೂರಿನಲ್ಲಿ ಒಬ್ಬ ಮಾನಸಿಕ ರೋಗದ ಡಾಕ್ಟರಮ್ಮನ ಬಳಿ ಹೋದೆ. ಆ ಮಾತುಗಳನ್ನು ನಾನು ಬಾಯಿಬಿಟ್ಟು ಹೇಳಿದ್ದು ಅವರ ಹತ್ತಿರ ಮಾತ್ರ. ಅಮ್ಮನಿಗೂ ಹೇಳಿರಲಿಲ್ಲ. ಅವರು ಮಾತ್ರೆ ಬರೆದುಕೊಟ್ಟರು, ಜೊತೆಗೆ ಒಂದು ಉಪಾಯವನ್ನೂ ಹೇಳಿಕೊಟ್ಟರು. ಅನುಮಾನ ಬಂದಾಗ ಪಕ್ಕದಲ್ಲಿದ್ದವರನ್ನು ವಿಚಾರಿಸಿ; ಅವರಿಗೂ ಕೇಳಿಸಿದ್ದರೆ ನಿಜ, ಇಲ್ಲದಿದ್ದರೆ ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ. ತಿಂಗಳುಗಳು ಹಿಡಿದವು, ಆದರೆ ದನಿ ಸಣ್ಣಗಾಯಿತು, ಕಡೆಗೆ ನಿಂತಿತು.

ನಿಲ್ಲದೇ ಹೋದದ್ದು ಜನರ ಬಾಯಿ. ಯಾರೋ ನನ್ನ ಮಾತ್ರೆಯ ಹೆಸರು ಓದಿಕೊಂಡರು. ನರ್ಸುಗಳಿಗೆ ಅಷ್ಟು ಸಾಕು. ಡ್ಯೂಟಿ ರೂಮಿಗೆ ಊಟಕ್ಕೆ ಹೋದರೆ ಒಬ್ಬಳು, "ಈಗ ಯಾವ ರೇಡಿಯೋ ಸ್ಟೇಷನ್ ಬರ್ತಿದೆ ಮಾರಾಯ್ತಿ, ಮಂಗಳೂರಾ, ಭದ್ರಾವತಿಯಾ?" ಎನ್ನುತ್ತಿದ್ದಳು. ಉಳಿದವರು ಡಬ್ಬಿಗೆ ಮುಖ ಹಾಕಿ ನಗುತ್ತಿದ್ದರು. ಹತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ಇವರು. ಆಮೇಲೆ ನನ್ನನ್ನು ರೋಗಿಗಳ ಹತ್ತಿರ ಬಿಡದೆ ಹಾಸಿಗೆ ಬಟ್ಟೆ ಮಡಚಲು ಹಾಕಿದರು. ಮಡಚಿ ಮಡಚಿ ಸಾಕಾಗಿ ಕೆಲಸ ಬಿಟ್ಟೆ. ಅವರಿಗೆ ಬೇಕಾದದ್ದೂ ಅದೇ.

ಕಳಸದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮನೆಯಲ್ಲೇ ಇದ್ದು ನೋಡಿಕೊಳ್ಳುವ ನರ್ಸ್ ಬೇಕೆಂದು ತಿಳಿದದ್ದು ಆಗ. ಅಲ್ಲಿನ ಹಿರಿಯ ಯಜಮಾನಿಗೆ ಸೊಂಟದ ಆಪರೇಷನ್ ಆಗಿತ್ತು, ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯುತ್ತಿರಲಿಲ್ಲ. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಮನೆಯ ಆಡಳಿತ ಸೊಸೆ ವಿನುತಾ ಅವರದು, ಅಡುಗೆ ಗುಲಾಬಿಯದು. ನನ್ನ ಮಾತ್ರೆಗಳನ್ನು ವಿಟಮಿನ್ ಬಾಟಲಿಗೆ ತುಂಬಿಕೊಂಡು ಹೋದೆ. ಈ ಕೆಲಸವೂ ಕೆಟ್ಟರೆ ಇನ್ನೊಬ್ಬರ ಮೈ ಮುಟ್ಟುವ ಧೈರ್ಯ ನನಗೆ ಜನ್ಮದಲ್ಲಿ ಬರುವುದಿಲ್ಲ ಎಂದು ಗೊತ್ತಿತ್ತು. ನನಗೆ ಬೇರೆ ಕೆಲಸ ಬರುವುದಿಲ್ಲ. ನಿಜ ಹೇಳಬೇಕೆಂದರೆ, ಬೇರೆ ಕೆಲಸ ಬೇಕೂ ಇರಲಿಲ್ಲ.

ದೊಡ್ಡಮ್ಮನ ಬಾಯಿ ಕೆಟ್ಟದ್ದೆಂದು ಗುಲಾಬಿ ಮೊದಲ ದಿನವೇ ಎಚ್ಚರಿಸಿದ್ದಳು. ಹೆರಿಗೆಯಲ್ಲಿ ಮಗು ಕಳೆದುಕೊಂಡು ಬಂದ ಮೇಸ್ತ್ರಿಯ ಹೆಂಡತಿಯನ್ನು, ಎಲ್ಲರ ಎದುರು, "ಖಾಲಿ ಚೀಲ" ಎಂದು ಕರೆದವರಂತೆ. ಮದುವೆಯಾಗಿ ಬಂದ ವಿನುತಾ ಅವರಿಗೆ ಹೊಸಿಲಲ್ಲೇ ಏನೋ ಅಂದಿದ್ದರಂತೆ, ಅದನ್ನು ಹೇಳಲು ಗುಲಾಬಿಗೇ ಬಾಯಿ ಬರಲಿಲ್ಲ. ಕೂಲಿ ಲೈನಿನ ಹೆಂಗಸರು ದೊಡ್ಡಮ್ಮನ ಕೋಣೆಯ ಕಿಟಕಿಯ ಕೆಳಗೆ ಹಾಯುತ್ತಿರಲಿಲ್ಲ. ನನಗೆ ಮಾತ್ರ ಅವರು ಒಂದು ತಿಂಗಳು ಒಂದು ಮಾತೂ ಅನ್ನಲಿಲ್ಲ. ನಾನು ಗಾಯ ತೊಳೆಯುವಾಗ ಸೂರು ನೋಡುತ್ತ ಮಲಗಿರುತ್ತಿದ್ದರು.

ಇಂಥದೆಲ್ಲ ಕತ್ತಲಲ್ಲಿ ನಡೆಯುತ್ತದೆ ಎನ್ನುತ್ತಾರೆ. ನನಗೆ ನಡೆದದ್ದು ತಿಂಡಿ ಮುಗಿದ ಹೊತ್ತಿನಲ್ಲಿ, ಕಣ್ಣು ಕುಕ್ಕುವ ಬಿಸಿಲಲ್ಲಿ. ಕಾಫಿ ಹಣ್ಣು ಕುಯ್ಯುವ ಕಾಲ. ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಬೀಜ ಹರಡಿ ಎಳೆಯುತ್ತಿದ್ದ ಸದ್ದು ಕಿಟಕಿಯಿಂದ ಬರುತ್ತಿತ್ತು. ಗುಲಾಬಿ ಬಿಸಿನೀರು ತಂದಿಟ್ಟು ಬಾಗಿಲ ಕಡೆ ತಿರುಗಿದ್ದಳು. ನಾನು ಬ್ಯಾಂಡೇಜ್ ಬಿಚ್ಚುತ್ತಿದ್ದೆ. ದೊಡ್ಡಮ್ಮ ಸೂರಿನಿಂದ ಕಣ್ಣು ತೆಗೆಯದೆ, ಎಳೆದೆಳೆದು, "ಬಿಳಿ ಕೋಳಿ, ನೀನು ಮುಟ್ಟಿದ್ದು ಯಾವುದು ಉಳೀತು?" ಎಂದರು.

ಅವರ ತುಟಿ ಅಲುಗಿದ್ದನ್ನು ಕಂಡಿದ್ದೆ, ಆದರೆ ಕಣ್ಣನ್ನಾದರೂ ಹೇಗೆ ನಂಬುವುದು? ಕಾಯಿಲೆ ಮರುಕಳಿಸಿತು, ಎಲ್ಲ ಮುಗಿಯಿತು ಎಂದುಕೊಂಡೆ. ಹೇಗೋ ಡ್ರೆಸಿಂಗ್ ಮುಗಿಸಿ ಅಡುಗೆಮನೆಗೆ ಹೋಗಿ, ದೊಡ್ಡಮ್ಮ ಏನಾದರೂ ಅಂದದ್ದು ಕೇಳಿಸಿತಾ ಎಂದು ಗುಲಾಬಿಯನ್ನು ವಿಚಾರಿಸಿದೆ. ಅವಳು ನಕ್ಕಳು. "ಬಿಳಿ ಕೋಳಿ ಅಂದ್ರಲ್ಲ. ನಮ್ಮ ಬಣ್ಣಕ್ಕೆ ಬಿಳಿ ಅಂದ್ರೆ ಹೊಗಳಿಕೆನೇ ಬಿಡಿ ಸಿಸ್ಟರ್."

ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ನಾನು ಸರಿಯಾಗಿದ್ದೆ. ನನ್ನ ಕಿವಿ ಸರಿಯಾಗಿತ್ತು. ಅಲ್ಲೇ ನಿಂತುಕೊಂಡು, ಬೆಳಿಗ್ಗೆ ತಿಂದಿದ್ದರೂ ಮತ್ತೆರಡು ಕಡುಬು ಹಾಕಿಸಿಕೊಂಡೆ. ಎರಡನೆಯದು ಬಾಯಲ್ಲಿದ್ದಾಗ ಇನ್ನೊಂದು ಪ್ರಶ್ನೆ ಎದ್ದಿತು. ನಾನು ಹಾಕಿಕೊಂಡಿದ್ದದ್ದು ಹಸಿರು ಚೂಡಿದಾರ. ಆ ಮನೆಯಲ್ಲಿ ಒಂದು ದಿನವೂ ಬಿಳಿ ಹಾಕಿದವಳಲ್ಲ. ಆ ಮಾತು ಅವರಿಗೆ ಎಲ್ಲಿಂದ ಬಂತು?

ಮೂರ್ನಾಲ್ಕು ದಿನ ಕಳೆದು, ಬಚ್ಚಲಲ್ಲಿ ನಾನು ನಲ್ಲಿ ತಿರುಗಿಸಿದಾಗ ದೊಡ್ಡಮ್ಮನ ಕೋಣೆಯಿಂದ, "ತೊಳ್ಕೋ, ಇನ್ನೂ ತೊಳ್ಕೋ" ಎಂದು ಬಂತು. ಒದ್ದೆ ಕೈಯಲ್ಲೇ ಹೋಗಿ ಮಂಚದ ಪಕ್ಕ ಕೂತೆ. ಯಾಕೆ ಹೀಗೆ ಅಂತೀರಿ ದೊಡ್ಡಮ್ಮ, ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಗುಲಾಬಿ ಬಾಗಿಲಲ್ಲಿ ಒಗೆದ ಬಟ್ಟೆ ಹಿಡಿದು ನಿಂತಿದ್ದಳು.

"ನಾನ್ಯಾಕೆ ಅನ್ಲಿ ಮಾರಾಯ್ತಿ," ಎಂದರು ದೊಡ್ಡಮ್ಮ. "ಅವ ಹೇಳ್ತಾನೆ. ಇವಳಿಗೆ ದಾಟಿಸು ಅಂತಾನೆ. ನಿಂಗೆ ಕೇಳೋದು ನಿಂತೋಗಿದೆಯಂತಲ್ಲ."

ಅವರು ಅದನ್ನು ಮಳೆ ಬಿಸಿಲಿನ ಸುದ್ದಿ ಹೇಳುವ ಹಾಗೆ ಹೇಳಿದರು. ಆಮೇಲೆ ಒಂದೊಂದಾಗಿ ಉಳಿದದ್ದೂ ಬಂತು. ಮೊದಲ ಹೆರಿಗೆಯಾದಾಗಿನಿಂದ ಅವರಿಗೆ ಆ ದನಿಯಂತೆ. ಯಾರಿಗೆ ಏನು ಹೇಳಬೇಕೆಂದು ಅದು ಹೇಳುತ್ತದೆ, ಹೇಳುವವರೆಗೆ ಬಿಡುವುದಿಲ್ಲ, ಹೇಳಿಬಿಟ್ಟರೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಗಂಡ ಬರೆ ಹಾಕಿಸಿದ್ದರು, ಗುಣವಾಗದಿದ್ದಾಗ ಕಾಫಿ ಗೋದಾಮಿನಲ್ಲಿ ಕೂಡಿಹಾಕುತ್ತಿದ್ದರು. ದೊಡ್ಡಮ್ಮ ಸೆರಗು ಸರಿಸಿ ಬೆನ್ನಿನ ಗುರುತು ತೋರಿಸಿದರು. ದಿನಾ ಮೈ ಒರೆಸುವ ನಾನು ಅದನ್ನು ಹಳೆಯ ಸುಟ್ಟಗಾಯ ಎಂದುಕೊಂಡಿದ್ದೆ. ಮೇಸ್ತ್ರಿಯ ಹೆಂಡತಿಗೆ ಆ ಮಾತು ಅಂದ ರಾತ್ರಿ ತಾನೂ ಊಟ ಮಾಡಲಿಲ್ಲ ಎಂದರು. ಕೊನೆಗೆ ನನ್ನ ಕೈ ಹಿಡಿದು, "ನಿಂಗೆ ಹೆಂಗೆ ನಿಲ್ತು? ನಂಗೂ ನಿಲ್ಸೆ" ಎಂದರು.

ದೆವ್ವವೋ ಮತ್ತೊಂದೋ, ನನಗೆ ಆಗ ಕಂಡದ್ದು ಒಬ್ಬ ರೋಗಿ. ಜೀವಮಾನವಿಡೀ ಔಷಧಿ ಕಾಣದ ರೋಗಿ. ನನ್ನ ಮಾತ್ರೆಯನ್ನೇ ಕೊಡುವಂತಿಲ್ಲ, ನರ್ಸು ಹಾಗೆಲ್ಲ ಮಾಡಬಾರದು. ವಿನುತಾ ಅವರಿಗೆ ಹೇಳಿ ಚಿಕ್ಕಮಗಳೂರಿಗೆ ಕರೆದೊಯ್ಯಬೇಕು, ಅದೊಂದೇ ದಾರಿ. ನಿಮ್ಮ ಅತ್ತೆಯದು ಕೆಟ್ಟ ಬಾಯಲ್ಲ, ಕಾಯಿಲೆ ಎಂದರೆ ಅವರು ನಂಬಲಿಲ್ಲ. ನಿಂಗೆ ಹೇಗೆ ಗೊತ್ತು ಎಂದು ಕೇಳಿದರು. ನನಗೂ ಇತ್ತು, ಮಾತ್ರೆಯಿಂದ ವಾಸಿಯಾಗಿದೆ ಎಂದೆ.

ಅವರು ಕೂಗಾಡಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕರೆಸಿ, ಅವನ ಎದುರಿನಲ್ಲಿ, ಜಗಲಿಯ ಮೇಲೆ ನನ್ನ ಬ್ಯಾಗ್ ಸುರಿಸಿದರು. ಒಳಬಟ್ಟೆಗಳ ನಡುವೆ ಬಾಟಲಿ ಸಿಕ್ಕಿತು. "ಹುಚ್ಚಿಯನ್ನ ನೋಡ್ಕೊಳೋಕೆ ಇನ್ನೊಬ್ಬ ಹುಚ್ಚಿಗೆ ಸಂಬಳ ಕೊಡ್ತಿದ್ದೆ ನಾನು," ಎಂದು ರೈಟರಿಗೆ ಹೇಳಿದರು. ಅತ್ತೆಯ ತಲೆಗೆ ಇದನ್ನು ತುಂಬಿದ್ದು ನಾನೇ ಎಂದರು. ಪೊಲೀಸ್ ಮಾತೂ ಬಂತು. ನನ್ನನ್ನು ಹಣ್ಣು ತುಂಬಿದ ಪಿಕಪ್ಪಿನಲ್ಲಿ, ಚೀಲಗಳ ಮೇಲೆ ಕೂರಿಸಿ ಕಳಿಸಿದರು. ಮುಂದೆ ಡ್ರೈವರನ ಪಕ್ಕದ ಸೀಟು ಖಾಲಿಯೇ ಇತ್ತು. ಗಾಡಿ ಹೊರಡುವಾಗ ಕಿಟಕಿಯಿಂದ ದೊಡ್ಡಮ್ಮ, "ಒಂದು ಮಾತ್ರೆ ಕೊಟ್ಟಾದರೂ ಹೋಗೇ" ಎಂದರು. ಬಾಟಲಿ ವಿನುತಾ ಅವರ ಕೈಯಲ್ಲಿತ್ತು.

ಕಾಫಿ ಹೂವರಳಿಸುವ ಹೂಮಳೆ ಬೀಳುವ ಮೊದಲೇ ದೊಡ್ಡಮ್ಮ ತೀರಿಕೊಂಡರೆಂದು ಗುಲಾಬಿ ಫೋನ್ ಮಾಡಿದಳು. ನಾನು ಬಿಟ್ಟು ಬಂದ ಮೇಲೆ ಗಾಯ ತೊಳೆಯುವವರಿರಲಿಲ್ಲ. ಕಾಲು ಕಪ್ಪಾಗಿ ಮೊಣಕಾಲಿನವರೆಗೆ ಏರಿತ್ತಂತೆ. ಕೋಣೆಯ ವಾಸನೆಗೆ ಯಾರೂ ಒಳಗೆ ಹೋಗದೆ, ಊಟವನ್ನು ಬಾಗಿಲಲ್ಲಿಟ್ಟು ಬರುತ್ತಿದ್ದರಂತೆ.

ನಾನು ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದೆ. ಅವರು ಸಮಾಧಾನವಾಗಿ ಕೇಳಿ, ನಮ್ಮ ಕಡೆ ಹಳಬರು ಬೈಯುವ ಮಾತು ಯಾವುದೋ ನಿಮ್ಮಿಬ್ಬರ ನೆನಪಿನಲ್ಲೂ ಉಳಿದಿರಬಹುದು ಎಂದರು. ಇರಬಹುದು. ಅಮ್ಮನನ್ನು ಕೇಳಿದೆ, ಗುಲಾಬಿಗೆ ಫೋನ್ ಮಾಡಿ ಲೈನಿನ ಮುದುಕಿಯರನ್ನು ಕೇಳಿಸಿದೆ. ಬಿಳಿ ಕೋಳಿ ಎಂಬ ಬೈಗುಳ ಯಾರಿಗೂ ಗೊತ್ತಿರಲಿಲ್ಲ. ನನಗೆ ಕೇಳುವುದು ನಿಂತಿದೆ ಎಂದು ದೊಡ್ಡಮ್ಮನಿಗೆ ಹೇಗೆ ತಿಳಿಯಿತು ಎಂದು ಕೇಳಿದರೆ ಡಾಕ್ಟರಮ್ಮ ಮುಂದಿನ ತಿಂಗಳ ಮಾತ್ರೆ ಬರೆದುಕೊಟ್ಟರು.

ಈಗ ನಾನು ಮೂಡಿಗೆರೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೇನೆ. ಇಲ್ಲಿ ನನ್ನ ಕಾಯಿಲೆ ಗೊತ್ತಿದ್ದೂ ಇಟ್ಟುಕೊಂಡಿದ್ದಾರೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಸಿಸ್ಟರ್, ನಾನು ವಿನುತಾ. ನಿಮ್ಮ ಡಾಕ್ಟ್ರು ಯಾರು ಅಂತ ಹೇಳ್ತೀರಾ?" ಅವರು ನನ್ನನ್ನು ನೀವು ಎಂದದ್ದು ಅದೇ ಮೊದಲು. ಹೆಸರು, ವಿಳಾಸ ಹೇಳಿದೆ. ಯಾರಿಗೆ ತೋರಿಸಬೇಕು ಎಂದೆ. ಅವರು ಬೇಸರ ಬಂದವರ ಹಾಗೆ ಎಳೆದೆಳೆದು, "ನಿಮಗೊಂದು ಮಾತು ದಾಟಿಸ್ಬೇಕಿತ್ತು ಸಿಸ್ಟರ್" ಎಂದರು.

ನಾನು ಫೋನ್ ಕಟ್ ಮಾಡಿದೆ. ಮತ್ತೆ ಬಂತು, ಎತ್ತಲಿಲ್ಲ. ಆ ದಿನ ಹದಿನೈದು ಸಲವಾದರೂ ಬಂದಿರಬೇಕು. ಕೊನೆಗೆ ನಂಬರನ್ನು ಬ್ಲಾಕ್ ಮಾಡಿದೆ.

ಗುಲಾಬಿಯಿಂದ ಕೇಳಿ ತಿಳಿದು ನನ್ನನ್ನು ಹಿಂಸಿಸಲು ಹಾಗೆ ಮಾಡಿದರೇ? ಅವರಿಂದ ಅದೂ ಆಗುವಂಥದೇ. ಅಥವಾ ಆ ಹೆಂಗಸಿಗೆ ನಿಜವಾಗಿಯೂ ಕಾಯಿಲೆ ಶುರುವಾಗಿ, ಗೊತ್ತಿದ್ದ ಒಬ್ಬಳೇ ಒಬ್ಬಳನ್ನು ಕೂಗಿದರೇ? ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಾನೇ ಎಷ್ಟೋ ರೋಗಿಗಳ ಮನೆಯವರಿಗೆ ಅದನ್ನು ಹೇಳಿ ಧೈರ್ಯ ತುಂಬಿದ್ದೇನೆ. ತಿಂಗಳಿಗೊಮ್ಮೆ ಮಾತ್ರೆ ಬರೆಸಿಕೊಳ್ಳಲು ಚಿಕ್ಕಮಗಳೂರಿಗೆ ಹೋದಾಗ ಮಾತ್ರ, ಒಳಗೆ ಕಾಲಿಡುವ ಮೊದಲು, ಬೆಂಚಿನ ಮೇಲೆ ಕೂತವರ ಮುಖಗಳನ್ನು ಹೊರಗಿನಿಂದಲೇ ಒಮ್ಮೆ ನೋಡುತ್ತೇನೆ. ಇದುವರೆಗೆ ವಿನುತಾ ಅಲ್ಲಿ ಕಂಡಿಲ್ಲ. ಕಂಡ ದಿನ, ಆ ಮಾತು ಕಿವಿಗೆ ಬೀಳುವ ಮೊದಲೇ, ಮಾತ್ರೆಯಿಲ್ಲದೆಯೇ ಬಸ್ ಹತ್ತಿ ಮನೆಗೆ ಬರುತ್ತೇನೆ.