ದುರ್ಬೀನಿನೊಳಗಿನ ಹಾಸು ಹೊಕ್ಕು

ನಮ್ಮ ಮಗ್ಗದ ಎದುರಿನ ಗೋಡೆಗೆ ಒಂದು ಕಾಗದ ಹಚ್ಚಿದ್ದೇನೆ. ನಡುವೆ ಕರಿಯ ಚಕ್ರ, ಚಕ್ರದ ನಡುವೆ ಒಂದು ತೂತು. ಇಲಿ ಕಡಿದ ಕಾಗದವನ್ನು ಯಾಕೆ ಹಚ್ಚಿದ್ದೀರಿ ಎಂದು ಬಂದವರೆಲ್ಲ ಕೇಳುತ್ತಾರೆ. ಕೇಳಲಿ ಎಂದೇ ಹಚ್ಚಿದ್ದು. ಅದು ಒಂದು ತೂತಲ್ಲ, ಐದು. ನನ್ನ ಮೊಮ್ಮಗಳು ಐವತ್ತು ಮೀಟರ್ ದೂರದಿಂದ ಐದು ಗುಂಡು ಹೊಡೆದಳು. ಐದೂ ಒಂದರ ಮೈಮೇಲೆ ಒಂದು ಬಿದ್ದು ಹುಣಸೆ ಬೀಜದಷ್ಟು ಜಾಗದಲ್ಲಿ ಕೂತವು. ಇದನ್ನು ಹಾಲಿನವನಿಗೆ ಹೇಳಿದ್ದೇನೆ, ನೂಲು ತರುವವನಿಗೆ ಹೇಳಿದ್ದೇನೆ, ನಂಬರು ತಪ್ಪಿ ಫೋನು ಮಾಡಿದ ಯಾರೋ ಪುಣ್ಯಾತ್ಮನಿಗೂ ಹೇಳಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬಾಯಿಂದ ಹೇಳಿ ಸಾಕಾಗದೆ ಈಗ ಬರೆಯಲು ಕೂತಿದ್ದೇನೆ.

ಆದರೆ ಈ ತೂತಿನ ಹಿಂದೆ ನಾನು ಸ್ವಂತ ತಮ್ಮನ ಮೇಲೆ ಅನುಮಾನಪಟ್ಟ ದಿನಗಳಿವೆ. ಸಂತೋಷವನ್ನಷ್ಟೇ ಬರೆದು ಅದನ್ನು ಬಿಟ್ಟರೆ ನನ್ನ ಮನಸ್ಸೇ ಒಪ್ಪುವುದಿಲ್ಲ.

ಮಲ್ಲಸಮುದ್ರದ ಆಚೆ ಒಂದು ಬಯಲಿನಲ್ಲಿ ಗಾಳಿ ಬಂದೂಕಿನಿಂದ ಗುರಿ ಹೊಡೆಯುವುದನ್ನು ಕಲಿಸುತ್ತಾರೆ. ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಎರಡು ವರ್ಷದಿಂದ ಅಲ್ಲಿಗೆ ಹೋಗುತ್ತಾಳೆ. ಬಂದೂಕಿನ ಮೇಲೆ ಒಂದು ಕೊಳವೆ ಕೂಡಿಸಿರುತ್ತಾರೆ. ಅದಕ್ಕೆ ಅವರು ಸ್ಕೋಪ್ ಎನ್ನುತ್ತಾರೆ, ನಮಗೆ ಅದು ದುರ್ಬೀನು. ಆಯ್ಕೆಯ ಸ್ಪರ್ಧೆಗೆ ಇನ್ನು ಮೂರು ವಾರ ಇದೆ ಎನ್ನುವಾಗ ಅವಳು ಮುಖ ಸಣ್ಣದು ಮಾಡಿಕೊಂಡು ಬಂದಳು.

“ಆಯಿ, ದುರ್ಬೀನಿನಾಗಿನ ಎಳಿ ಹರದೈತಿ,” ಅಂದಳು. ನನ್ನನ್ನು ಅವಳು ಆಯಿ ಎಂದೇ ಕರೆಯುವುದು.

“ಹರದರ ಏನಾತು, ತಾ ಇಲ್ಲೆ. ಗಂಟು ಹಾಕಿ ಕೂಡಸ್ತೀನಿ.”

“ಅದು ನೂಲಲ್ಲ ಆಯಿ. ಕೊಳವಿ ಒಳಗಿನ ಸಣ್ಣ ತಂತಿ. ಒಂದು ನೆಟ್ಟಗ, ಒಂದು ಅಡ್ಡ. ಅವು ಕೂಡೋ ಜಾಗಾನ ಗುರಿಮ್ಯಾಲ ಇಟ್ಟು ಹೊಡೀಬೇಕು.”

“ಹಂಗಂದ್ರ ಹಾಸು ಒಂದು, ಹೊಕ್ಕು ಒಂದು. ಅಷ್ಟ ಅಲ್ಲೇನು?”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಮಗ್ಗದ ಮೇಲೆ ಉದ್ದಕ್ಕೆ ಹಾಯುವ ನೂಲು ಹಾಸು, ಲಾಳಿ ಅಡ್ಡ ತರುವ ನೂಲು ಹೊಕ್ಕು. ಬೆಟಗೇರಿಯ ನೇಕಾರರ ಮನೆಯಲ್ಲಿ ಕೂಸಿಗೂ ಇದು ಗೊತ್ತು. ಆ ದಿನದಿಂದ ನಮ್ಮ ಮನೆಯಲ್ಲಿ ಆ ಎರಡು ತಂತಿಗಳ ಹೆಸರು ಅದೇ ಆಯಿತು. ಯಾಕೆ ಹರಿಯಿತು ಎಂದು ಕೇಳಿದೆ. ಆ ಬಂದೂಕಿನೊಳಗೆ ದೊಡ್ಡ ಸ್ಪ್ರಿಂಗು ಇದೆಯಂತೆ. ಗುಂಡು ಹಾರುವಾಗ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಒದೆಯುತ್ತದಂತೆ. ಲಾಳಿ ಈ ತುದಿಗೂ ಆ ತುದಿಗೂ ಬಡಿದ ಹಾಗೆ. ಆ ಏಟು ತಡೆಯುವ ದುರ್ಬೀನೇ ಬೇರೆ ಬರುತ್ತದೆ, ಅದಿಲ್ಲದೆ ಸ್ಪರ್ಧೆಗೆ ಇಳಿಯುವಂತಿಲ್ಲ ಎಂದಳು.

ಸುದ್ದಿ ಮುಂಡರಗಿ ಕಡೆಗೆ ಹೇಗೆ ಹೋಯಿತೋ, ಮರುದಿನ ನನ್ನ ತಮ್ಮನ ಫೋನು ಬಂತು. ನಮ್ಮ ತವರು ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿ. ಅಪ್ಪ ನೇಕಾರ. ತಮ್ಮ ಮಾತ್ರ ಮಗ್ಗ ಬಿಟ್ಟು, ಹೆಂಡತಿಯ ಕಡೆಯಿಂದ ಬಂದ ಹೊಲ ನೋಡಿಕೊಂಡು ಮುಂಡರಗಿಯ ಗುಡ್ಡದ ಬುಡದಲ್ಲಿ ನಿಂತವನು. ಕಾಡುಹಂದಿಯ ಕಾಟಕ್ಕೆಂದು ಲೈಸೆನ್ಸು ಮಾಡಿಸಿದ ಹಳೆಯ ಬಂದೂಕು ಅವನಲ್ಲಿದೆ.

“ಅಕ್ಕಾ, ದುರ್ಬೀನು ನಾ ಕೊಡಸ್ತೀನಿ. ನನಗೂ ಆಕಿ ಮೊಮ್ಮಗಳ ಹೌದಿಲ್ಲೋ?”

ನನಗೆ ಅಲ್ಲೇ ಅನುಮಾನ ಹುಟ್ಟಿತು. ಈ ತಮ್ಮ ಒಮ್ಮೆ ನನಗೆ ಒಂದು ಚೀಲ ಉಳ್ಳಾಗಡ್ಡಿ ತಂದುಕೊಟ್ಟು, ಮುಂದಿನ ವಾರ ಖಾಲಿ ಚೀಲ ಕೇಳಲು ಬಸ್ಸು ಹತ್ತಿ ಬಂದವನು. ಅಂಥವನು ಕೇಳದೆ ದುರ್ಬೀನು ಕೊಡಿಸುತ್ತೇನೆ ಎನ್ನುತ್ತಾನೆ. ಎರಡು ದಿನ ಬಿಟ್ಟು ಮತ್ತೆ ಫೋನು ಮಾಡಿದ.

“ಸಂಜಿಮುಂದ ಕಾಣೂ ಅಂಥಾದ್ದು ತಗೊಳ್ಳೂಣು ಅಕ್ಕಾ. ಒಳಗ ಕೆಂಪು ಲೈಟ್ ಹತ್ತತೈತಂತ ನೋಡು, ಅಂಥಾದ್ದು.”

“ಆಕಿ ಹಾಡಹಗಲಾಗ ಕಾಗದಕ್ಕ ಹೊಡೀತಾಳ. ಸಂಜಿಮುಂದ ಏನ್ ಮಾಡೂದೈತಿ?”

“ಇರಲಿ ಅಂತ ಅಂದೆ. ಪಾವತಿ ಚೀಟಿ ಹುಡುಗಿ ಹೆಸರಲೆ ಮಾಡಸೂಣು. ಒಂದೆರಡು ದಿನ ನನ್ನ ಕಡೆ ಇಟಗೊಂಡು ನೋಡಿ ಆಮ್ಯಾಲ ಕೊಟ್ಟರ ನಡೀತೈತಿಲ್ಲೋ?”

ನಾನು ಫೋನು ಇಟ್ಟು ಮಗ್ಗದ ಮುಂದೆ ಕೂತೆ, ಕೈ ಓಡಲಿಲ್ಲ. ಸಂಜೆಗೆ ಕಾಣುವ ದುರ್ಬೀನು, ಪಾವತಿ ಹುಡುಗಿಯ ಹೆಸರಿಗೆ, ಎರಡು ದಿನ ತನ್ನ ಹತ್ತಿರ. ಮೂರನ್ನೂ ಕೂಡಿಸಿದರೆ ಬರುವ ಉತ್ತರ ಒಂದೇ. ಸಂಜೆಯ ಹೊತ್ತು ಆ ಗುಡ್ಡದ ಬುಡದ ಹೊಲಗಳಿಗೆ ಚಿಗರೆಗಳು ಇಳಿಯುತ್ತವೆ. ಚಿಗರೆಗೆ ಗುಂಡು ಹಾಕಿದರೆ ಜೈಲು ಎನ್ನುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ನಾಳೆ ಅರಣ್ಯದವರ ಕೈಗೆ ಸಿಕ್ಕಿಬಿದ್ದರೆ ದುರ್ಬೀನು ಯಾರದು ಎಂದು ಕೇಳುತ್ತಾರೆ. ನನ್ನ ಮೊಮ್ಮಗಳದು. ಆಮೇಲೆ ಅವಳ ಕೈಗೆ ಬಂದೂಕು ಕೊಡುವವರು ಯಾರು? ಎರಡು ವರ್ಷ ಬಿಸಿಲಲ್ಲಿ ಹೊಟ್ಟೆ ಅಡಿಮಾಡಿ ಮಲಗಿ ಕಲಿತದ್ದು ಒಂದು ಸಂಜೆಯಲ್ಲಿ ಹೋಗುತ್ತದೆ.

ಮೊಮ್ಮಗಳಿಗೆ ಏನೂ ಹೇಳಲಿಲ್ಲ. ಗದಗಿನ ಅಂಗಡಿಗೆ ನಾನೂ ಬರುತ್ತೇನೆ ಎಂದಷ್ಟೇ ಹೇಳಿದೆ. ಎಲೆ ಸಂಚಿಯಲ್ಲಿ ಅಪ್ಪನ ಕಾಲದ ಹಿತ್ತಾಳೆಯ ಮಡಚು ಕನ್ನಡಿ ಇಟ್ಟುಕೊಂಡೆ. ಬಟ್ಟೆಯ ಮೇಲಿಟ್ಟು ಎಳೆ ಎಣಿಸುವ ಭೂತಗನ್ನಡಿ ಅದು. ಚೀಲದಲ್ಲಿ ನಾನೇ ನೆಯ್ದ ಒಂದು ಸೀರೆ. ಅದರ ಅಂಚಿನಲ್ಲಿ ಬಿಳಿಯ ಮೇಲೆ ಏಳು ಕೆಂಪು ಗೆರೆ.

ಅಂಗಡಿಯಲ್ಲಿ ತಮ್ಮ ನಮಗಿಂತ ಮೊದಲೇ ಬಂದು ಕೂತಿದ್ದ. ಅದೂ ನನಗೆ ಸರಿ ಕಾಣಲಿಲ್ಲ. ಟಾರ್ಚು, ಗಾಳಿ ಬಂದೂಕು, ಮೀನಿನ ಗಾಳ ಎಲ್ಲ ಮಾರುವ ಅಂಗಡಿ ಅದು. ಅಂಗಡಿಯವನು ಮೊಳದುದ್ದದ ಒಂದು ದುರ್ಬೀನನ್ನು ಕೂಸಿನಂತೆ ಎತ್ತಿ ಗಲ್ಲೆಯ ಮೇಜಿನ ಮೇಲೆ ಇಟ್ಟ.

“ಅಮ್ಮಾರ, ಇದು ಇಪ್ಪತ್ನಾಕು ಪಟ್ಟು ದೊಡ್ಡದು ಮಾಡಿ ತೋರಸ್ತೈತ್ರಿ. ಬೇಟಿಯವ್ರೆಲ್ಲಾ ಇದನ್ನ ಕೇಳ್ತಾರ್ರಿ. ಮುಂದಿನ ಗಾಜು ನೋಡ್ರಿ, ಚಾದ ಬಶಿಯಷ್ಟ ಐತ್ರಿ.”

“ಬೇಟಿ ಅಂದ್ರ ಯಾವ ಬೇಟಿ?” ಎಂದು ನಾನು ತಮ್ಮನ ಮುಖ ನೋಡುತ್ತ ಕೇಳಿದೆ. ಅವನು ಕೇಳಿಸದವನಂತೆ ದುರ್ಬೀನು ಕಣ್ಣಿಗೆ ಹಚ್ಚಿಕೊಂಡ.

“ಬೇರೆ ದೇಶದಾಗ್ರಿ, ಅಮ್ಮಾರ,” ಅಂದ ಅಂಗಡಿಯವನು. ಉತ್ತರ ಬಂದ ವೇಗವೇ ನನಗೆ ಹಿಡಿಸಲಿಲ್ಲ.

“ಇದ ಛಲೋ ಐತಿ,” ಅಂದ ತಮ್ಮ. “ಕೆಂಪು ಬೆಳಕು ಖರೇನ ಹತ್ತತೈತಿ ನೋಡು. ಇದನ್ನ ಕಟ್ಟಸ್ರಿ.”

“ಕಟ್ಟಸಬ್ಯಾಡ್ರಿ,” ಅಂದೆ. “ಮೊದಲ ನಾ ನೋಡಬೇಕು.”

ಮೊಮ್ಮಗಳ ಕೈಗೆ ಸೀರೆ ಕೊಟ್ಟು, ರಸ್ತೆ ದಾಟಿ ಐವತ್ತು ಮೀಟರ್ ಆಚೆಯ ಗೋಡೆಗೆ ಅಂಚು ಕಾಣುವ ಹಾಗೆ ಹಿಡಿ ಎಂದು ಕಳಿಸಿದೆ. ಆಟೋದವರು ಸೀರೆ ಮಾರಾಟ ಎಂದುಕೊಂಡು ರೇಟು ಕೇಳಿದರಂತೆ. ನನ್ನ ಚೀಲವನ್ನು ಗಲ್ಲೆಯ ಮೇಲೆ ದಿಂಬಿನಂತೆ ಮಡಚಿ ಅದರ ಮೇಲೆ ದುರ್ಬೀನು ಮಲಗಿಸಿ ನೋಡಿದೆ. ಬರೀ ಕತ್ತಲು. ಎಳೆ ಎಣಿಸುವ ಕನ್ನಡಿಯಂತೆ ಕಣ್ಣಿಗೆ ಒತ್ತಿ ಹಿಡಿದಿದ್ದೆ. ನಾಲ್ಕು ಬೆರಳು ಹಿಂದೆ ಸರೀರಿ ಎಂದ ಅಂಗಡಿಯವನು. ಸರಿದ ಕೂಡಲೇ ನನ್ನ ಸೀರೆ ಕಣ್ಣ ಮುಂದೆ ಬಂದು ನಿಂತಿತು. ಹಾಸು ನಾಲ್ಕನೆಯ ಕೆಂಪು ಗೆರೆಯ ಮೇಲೆ ಸರಿಯಾಗಿ ಕೂತಿತ್ತು.

ಆಮೇಲೆ ನನ್ನ ಕಸುಬಿನ ಚಟದಂತೆ ತಲೆಯನ್ನು ಸ್ವಲ್ಪ ಎಡಕ್ಕೆ ಆಡಿಸಿದೆ. ಎಳೆ ಎಣಿಸುವ ಕನ್ನಡಿ ಬಟ್ಟೆಗೆ ಸರಿಯಾಗಿ ಕೂತಿರದಿದ್ದರೆ ತಲೆ ಆಡಿಸಿದಾಗ ಎಳೆಗಳು ಜಾಗ ಬಿಡುತ್ತವೆ, ಲೆಕ್ಕ ತಪ್ಪುತ್ತದೆ. ಇಲ್ಲಿಯೂ ಅದೇ. ದುರ್ಬೀನು ಅಲುಗಲಿಲ್ಲ, ಹಾಸು ಮಾತ್ರ ಕೆಂಪು ಗೆರೆ ಬಿಟ್ಟು ಬಿಳಿಯ ಮೇಲೆ ಜಾರಿತು. ಬಲಕ್ಕೆ ಆಡಿಸಿದರೆ ಆ ಕಡೆಗೆ ಜಾರಿತು.

“ಇದರ ಹಾಸು ಸಡ್ಲ ಐತಿ,” ಅಂದೆ.

ಅಂಗಡಿಯವನು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದ. “ಸಡ್ಲ ಅಲ್ರಿ ಅಮ್ಮಾರ. ಇದನ್ನ ನೂರು ಮೀಟರ್ ದೂರಕ್ಕ ಕೂಡ್ಸಿರ್ತಾರ್ರಿ. ಅದರಕಿಂತ ಹತ್ರ ನೋಡಿದ್ರ ಸ್ವಲ್ಪ ಜಾರತೈತ್ರಿ. ಪ್ರಾಣಿಗೆ ಹೊಡಿಯೋರಿಗೆ ಅಷ್ಟು ನಡೀತೈತ್ರಿ.”

“ಕಾಗದಕ್ಕ ಹೊಡಿಯೋರಿಗೆ ನಡಿಯೂದಿಲ್ಲ. ಸ್ಪ್ರಿಂಗಿನ ಒದಿ ತಡೀತೈತೇನು?”

ಅವನು ಒಳಗಿನಿಂದ ಇನ್ನೊಂದು ತಂದ. ಗಿಡ್ಡದು, ಕೆಂಪು ಬೆಳಕಿಲ್ಲ, ಹನ್ನೆರಡು ಪಟ್ಟು ಮಾತ್ರ. ಆದರೆ ಮುಂದಿನ ಗಾಜಿನ ಸುತ್ತ ತಿರುಗುವ ಬಳೆಯೊಂದಿತ್ತು, ಬಳೆಯ ಮೇಲೆ ದೂರದ ಅಂಕಿಗಳಿದ್ದವು. ಐವತ್ತಕ್ಕೆ ತಿರುಗಿಸಿ ನೋಡಿದೆ. ತಲೆ ಎಷ್ಟು ಆಡಿಸಿದರೂ ಹಾಸು ಕೆಂಪು ಗೆರೆ ಬಿಡಲಿಲ್ಲ. ಮೊದಲನೆಯದರಲ್ಲಿ ಗೆರೆಯ ಬದಿಗೆ ಕಂಡ ನೀಲಿ ನೆರಳೂ ಇಲ್ಲ. ಏಳು ಗೆರೆ ಏಳಾಗಿಯೇ ಕಂಡವು. ಗಾಳಿ ಬಂದೂಕಿಗೆಂದೇ ಮಾಡಿದ್ದು, ಎರಡೂ ಕಡೆಯ ಒದೆ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಮೊಮ್ಮಗಳನ್ನು ವಾಪಸು ಕರೆಸಿ ಎರಡು ಸಲ ಓದಿಸಿದೆ. ಸೀರೆಯನ್ನು ಅವಳು ಅಲ್ಲೇ ಗೋಡೆಯ ಮೊಳೆಗೆ ಸಿಗಿಸಿ ಬಂದಿದ್ದಳು.

“ಇದ ಬೇಕು,” ಅಂದೆ.

“ಬ್ಯಾಡ,” ಅಂದ ತಮ್ಮ. “ಅದ, ಕೆಂಪು ಬೆಳಕಿಂದು.”

“ಯಾಕಲೇ? ಯಾಕ ಅದ ಬೇಕು, ಹೇಳು ನೋಡೂಣು.”

ಅವನು ಗಿಡ್ಡ ದುರ್ಬೀನಿಗೆ ಕಣ್ಣು ಹಚ್ಚಿದ. ಬಹಳ ಹೊತ್ತು ನೋಡಿದ. ಬಳೆ ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಆಮೇಲೆ ತಲೆ ಎತ್ತಿ ಅಂಗಡಿಯವನ ಮೇಲೆ ಸಿಟ್ಟಾದ.

“ಏನ್ ನಮ್ಮನ್ನ ಹಳ್ಳ್ಯಾಗಿನವ್ರು ಅಂತ ತಿಳದೀರೇನು? ಇದರಾಗ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಖಾಲಿ ಕೊಳವಿ ಕೊಟ್ಟು ಮೋಸ ಮಾಡಾಕ ಹತ್ತೀರಿ.”

ಮೊಮ್ಮಗಳು ಬಾಗಿ ನೋಡಿದಳು. “ಅದಾವಲ್ಲ ಅಜ್ಜಾ.” ನಾನೂ ನೋಡಿದೆ. ಹಾಸೂ ಇತ್ತು, ಹೊಕ್ಕೂ ಇತ್ತು, ಕರಿ ನೂಲಿನಂತೆ ಸ್ಪಷ್ಟ.

“ಅಲ್ಲೆ ನನ್ನ ಸೀರಿ ಅಂಚಿನ್ಯಾಗ ಎಷ್ಟು ಗೆರಿ ಅದಾವ, ಹೇಳು,” ಅಂದೆ.

ತಮ್ಮ ಮತ್ತೆ ನೋಡಿದ. “ಸೀರಿ ಎಲ್ಲೈತಿ?”

ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಎಂದಿನಿಂದ ಹೀಗೆ ಎಂದು ಕೇಳಿದೆ.

“ಹ್ವಾದ ಸುಗ್ಗಿಯಿಂದ, ಅಕ್ಕಾ. ಮಂಜು ಕವದಂಗ ಆಗೇತಿ. ಒಂದಿನ ಸಂಜಿಮುಂದ ಬೆಳಿ ಒಳಗ ಏನೋ ಅಲ್ಲಾಡ್ತು. ಹಂದಿ ಅಂತ ಬಂದೂಕು ಎತ್ತಿದೆ. ಕೆಮ್ಮು ಕೇಳಸ್ತು. ಕಳೆ ತಗ್ಯಾಕ ಬಂದ ಹೆಣ್ಮಗಳು.”

ನಾನು ಅವನ ಹತ್ತಿರ ಸರಿದು ಕೂತೆ.

“ಅವತ್ತಿಂದ ಬಂದೂಕಿಗೆ ಗುಂಡು ಹಾಕಿಲ್ಲ. ಡಬ್ಬಿ ಬಡದು ಹಂದಿ ಓಡಸ್ತೀನಿ. ದುರ್ಬೀನು ಎರಡು ದಿನ ಕೈಯಾಗಿದ್ರ, ಅದರಾಗರೆ ಹಂದಿ ಯಾವುದು, ಮನಷ್ಯಾ ಯಾರು ಅಂತ ತಿಳೀತೈತೇನು ನೋಡೂಣಂತ ಇದ್ದೆ. ಕೆಂಪು ಬೆಳಕು ಒಂದ ನನಗ ಕಾಣ್ತು. ಅದಕ್ಕ ಅದ ಛಲೋ ಅಂದೆ.”

“ಮನ್ಯಾಗ ಯಾಕ ಹೇಳಲಿಲ್ಲ?”

“ಹೇಳಿದ್ರ ಕುರುಡಾ ಅಂತ ಒಂದ ಕಡೆ ಕುಂಡ್ರಸ್ತಾರ. ನೀ ಏನ್ ಅಂದುಕೊಂಡಿದ್ದಿ?”

“ಚಿಗರಿ ಹೊಡಿಯಾಕ ಹೊಂಟೀದಿ ಅಂತ.”

ಅವನು ನನ್ನನ್ನು ನೋಡಿದ. ನಾನು ಅವನಿಗೆ ಎಷ್ಟು ಕಂಡೆನೋ ತಿಳಿಯದು. “ಚಿಗರಿ ಅಲ್ಲ ಅಕ್ಕಾ, ಆನಿ ನಿಂತ್ರೂ ತಪ್ಪತಿತ್ತು,” ಎಂದು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಇಷ್ಟು ದಿನ ನಾನು ಎಳೆ ಎಣಿಸಿದ್ದು ಸರಿಯಾಗಿಯೇ ಇತ್ತು, ಆದರೆ ಬೇರೆ ಬಟ್ಟೆಯ ಮೇಲೆ ಕನ್ನಡಿ ಇಟ್ಟಿದ್ದೆ.

ಗಿಡ್ಡ ದುರ್ಬೀನನ್ನೇ ತೆಗೆದುಕೊಂಡೆವು. ಅವನೇ ಕೊಡಿಸಿದ, ಪಾವತಿ ಹುಡುಗಿಯ ಹೆಸರಿಗೇ ಆಯಿತು. ಆ ವಾರವೇ ಅವನು ಬಂದೂಕನ್ನು ತಾನಾಗಿಯೇ ಠಾಣೆಯಲ್ಲಿ ಜಮಾ ಮಾಡಿದ. ನಾನು ಅವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವನಿಗೆ ಕಾಣದ ಆ ಅಂಚಿನಲ್ಲಿ ಏಳು ಗೆರೆ ಇದ್ದವು ಎಂದು ದಾರಿಯಲ್ಲಿ ಹೇಳಿದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಮೊದಲು ಬಲಗಣ್ಣಿನ ಪೊರೆ ತೆಗೆದರು. ಮೊಮ್ಮಗಳು ಸ್ಪರ್ಧೆಗೆ ಹೋದಳು, ಆಯ್ಕೆಯಾದಳು, ಈ ಕಾಗದ ತಂದಳು. ಕಾಗದ ಕೈಗೆ ಕೊಟ್ಟಾಗ ನಾನು ಮೊದಲು ಮಾಡಿದ ಕೆಲಸ ಅಪ್ಪನ ಕನ್ನಡಿ ಇಟ್ಟು ತೂತಿನ ಅಂಚು ನೋಡಿದ್ದು. ಐದು ಗುಂಡಿನ ಗುರುತು ಬೇರೆ ಬೇರೆ ಸಿಕ್ಕ ಮೇಲೆಯೇ ಅವಳನ್ನು ತಬ್ಬಿಕೊಂಡೆ.

ಹೋದ ವಾರ ತಮ್ಮ ಕಾಗದ ನೋಡಲೆಂದು ಬೆಟಗೇರಿಗೆ ಬಂದಿದ್ದ. ಈಗ ಎಲ್ಲ ಸ್ಪಷ್ಟ ಕಾಣುತ್ತದೆ, ಬಂದೂಕು ವಾಪಸು ತರಬೇಕು ಅಂದ. ಸರಿ ಎಂದು ಮೊಮ್ಮಗಳ ದುರ್ಬೀನನ್ನು ಮಾಳಿಗೆಯ ಮೇಲೆ ಇಟ್ಟು, ಓಣಿಯ ಕೊನೆಯ ಗೋಡೆಗೆ ಒಂದು ಸೀರೆ ಹಾಕಿಸಿದೆ. ಅವನು ನಾಲ್ಕು ಬೆರಳು ಬಿಟ್ಟು ಕಣ್ಣು ಹಚ್ಚಿದ. ಬಳೆಯನ್ನು ಸ್ವಲ್ಪ ತಿರುಗಿಸಿದ.

“ಹಾಸು ಐತಿ, ಹೊಕ್ಕು ಐತಿ,” ಅಂದ. ಬೆರಳು ಮಡಚಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ಆಮೇಲೆ ತಲೆ ಎತ್ತಿ ನನ್ನನ್ನು ನೆಟ್ಟಗೆ ನೋಡಿದ.

“ಒಂಬತ್ತು ಗೆರಿ ಅದಾವ. ಅಕ್ಕಾ, ನೀ ಸೀರಿ ಬದಲಿ ಮಾಡೀದಿ.”