ಕಪ್ಪೆಯೂ ನೀರು ಮರಳಿಸಿದ ಮನೆ

ಮಕ್ಕಳ ಕಾರ್ಟೂನಿಗೆ ಕಥೆ ಬರೆಯುವುದೂ ಒಂದು ಕೆಲಸ ಎಂದು ಉದಗೀರದಲ್ಲಿ ಯಾರನ್ನೂ ಒಪ್ಪಿಸಲು ನನ್ನಿಂದ ಆಗಲಿಲ್ಲ. ಚಿತ್ರ ನೀನೇ ಬಿಡಿಸುತ್ತೀಯಾ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, ಹಾಗಾದರೆ ದನಿ ಕೊಡುತ್ತೀಯಾ ಎನ್ನುತ್ತಿದ್ದರು. ಅದೂ ಇಲ್ಲ ಎಂದಾಗ, ಪಾಪ, ಇವಳಿಗೆ ಬೇರೇನೂ ಬಾರದು ಎಂಬ ಕನಿಕರ ಅವರ ಮುಖದಲ್ಲಿ ಮೂಡುತ್ತಿತ್ತು. ಆಡು, ಮೊಲ ಮಾತಾಡುವುದನ್ನು ಬರೆಯಲು ಮುಂಬೈಯ ಟಿವಿಯವರಿಗೆ ಉದಗೀರದ ಸೊಸೆಯೇ ಬೇಕೇ ಎಂದು ಪಕ್ಕದ ಕಿರಾಣಿಯವರು ನನ್ನ ಗಂಡನನ್ನು ಕೇಳಿದ್ದರಂತೆ. ಗಂಡನದು ಬಟ್ಟೆ ಅಂಗಡಿ. ಗಿರಾಕಿಯ ಜೊತೆ ವಾದಕ್ಕೆ ನಿಂತರೆ ಸೀರೆ ಮಾರಲಾಗುವುದಿಲ್ಲ ಎಂದು ಬಲ್ಲವನು, ನಕ್ಕು ಬಂದ. ನಾನಾಗಿದ್ದರೆ ನಗುತ್ತಿರಲಿಲ್ಲ.

ನನ್ನ ತವರು ಉಮರ್ಗಾ, ಉದಗೀರದ ಹಾಗೆ ಅದೂ ಮಹಾರಾಷ್ಟ್ರದ ಗಡಿಯ ಊರೇ. ಓದು ಮುಗಿಸಿ ಪುಣೆಯ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ಬರಹಗಾರ್ತಿಯಾಗಿ ಸೇರಿದೆ, ಅಲ್ಲೇ ಕಥೆ ತಿದ್ದುವವಳಾದೆ. ಮದುವೆಯಾಗಿ ಉದಗೀರಕ್ಕೆ ಬಂದ ಮೇಲೂ ಕೆಲಸ ಬಿಡಲಿಲ್ಲ. ಬರೆಯುವುದು ಹಿಂದಿಯಲ್ಲಿ, ಬರಹಗಾರರ ಜೊತೆ ಜಗಳ ಮರಾಠಿಯಲ್ಲಿ, ಜಗಳ ಮುಗಿದ ಮೇಲೆ ಗೊಣಗುವುದು ಮಾತ್ರ ಕನ್ನಡದಲ್ಲಿ. ಕಥೆ ತಿದ್ದುವವಳು ಅಂದರೆ ಕೂಡು ಕುಟುಂಬದ ಹಿರಿಯ ಸೊಸೆ ಇದ್ದ ಹಾಗೆ. ಅಡುಗೆ ನಾಲ್ಕು ಜನ ಮಾಡಿದರೂ ಉಪ್ಪು ಹೆಚ್ಚಾದರೆ ಬೈಗುಳ ಅವಳಿಗೆ. ಒಂದೊಂದು ಕಂತನ್ನು ಒಬ್ಬೊಬ್ಬರು ಬರೆಯುತ್ತಾರೆ. ಸೋಮವಾರದ ಕಂತಿನಲ್ಲಿ ಅಂಜುಬುರುಕಿಯಾಗಿದ್ದ ಮೊಲ ಮಂಗಳವಾರ ಹುಲಿಯ ಮೀಸೆ ಎಳೆಯದಂತೆ ನೋಡಿಕೊಳ್ಳುವುದು ನನ್ನ ಪಾಲು. ಯಾವ ಪ್ರಾಣಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನಾನು ಹಿಡಿದುಕೊಂಡಷ್ಟು ಗಟ್ಟಿಯಾಗಿ ಬೇರೆ ಯಾರೂ ಹಿಡಿಯುತ್ತಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಮ್ಮ ಜಿಲ್ಲೆಯ ಲಾತೂರಿಗೆ ರೈಲಿನಲ್ಲಿ ನೀರು ತಂದರಲ್ಲ, ಆ ಬರದ ದಿನಗಳಲ್ಲೇ ನನಗೆ ಒಂದು ದೊಡ್ಡ ಕೆಲಸ ಬಂತು. ಮುಂಬೈಯ ಒಂದು ಚಾನೆಲ್ಲಿಗೆ ಹೊಸ ಧಾರಾವಾಹಿ. ಸಂತೆ ಊರಿನ ಅಂಚಿನಲ್ಲಿ ಒಂದು ಆಡಿನ ಮನೆ. ತಾಯಿ ಆಡು, ತಂಟೆಕೋರ ಮರಿ. ಪ್ರತಿ ಕಂತಿನಲ್ಲೂ ಯಾರೋ ಒಬ್ಬರು ತಮ್ಮ ತಾಪತ್ರಯ ಹೊತ್ತು ಆ ಮನೆಗೆ ಬರುತ್ತಾರೆ. ತಾಯಿ ಮಗ ಸೇರಿ ಅದನ್ನು ಬಗೆಹರಿಸಲು ಹೋಗಿ ಮೊದಲು ಕೆಡಿಸಿ, ಆಮೇಲೆ ಸರಿ ಮಾಡುತ್ತಾರೆ. ಚಾನೆಲ್ಲಿನ ಪರವಾಗಿ ಕಥೆ ನೋಡುವ ಮೇಡಂ ನನಗೆ ಒಂದು ಷರತ್ತು ಹಾಕಿದ್ದರು. ಮೊದಲ ಆರು ಕಂತು ಅವರ ಮೇಲಿನವರಿಗೆ ಒಪ್ಪಿಗೆಯಾದರೆ ನಾನು ಉದಗೀರದಲ್ಲೇ ಕೂತು ಕೆಲಸ ಮಾಡಬಹುದು. ಆಗದಿದ್ದರೆ ಮುಂಬೈಗೆ ಬಂದು ಅವರ ಆಫೀಸಿನಲ್ಲಿ ಕೂರಬೇಕು, ಇಲ್ಲವೇ ಬಿಟ್ಟುಕೊಡಬೇಕು.

ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಗಂಡನ ಅಂಗಡಿ ಅವನ ಅಜ್ಜ ಇಟ್ಟದ್ದು, ಅದನ್ನು ಎತ್ತಿಕೊಂಡು ಹೋಗಲಾಗದು. ಮನೆ ಬಿಟ್ಟು ಹೋಗುವುದು ನನ್ನಿಂದ ಆಗದ ಮಾತು. ಕೆಲಸ ಬಿಡುವುದು ಅದಕ್ಕಿಂತ ಆಗದ ಮಾತು. ಷರತ್ತಿನ ವಿಷಯವನ್ನು ಅತ್ತೆಗೆ ಹೇಳಿದೆ. ಅವರು ಮಾತಿನ ಮಲ್ಲಿ, ಅಡುಗೆಮನೆಗೆ ಬೆಕ್ಕು ಬಂದರೂ ಅದರ ಕುಲಗೋತ್ರ ವಿಚಾರಿಸುವವರು. ಅವತ್ತು ಮಾತ್ರ ಒಂದು ಅಕ್ಷರ ಆಡಲಿಲ್ಲ. ಅತ್ತೆ ಸುಮ್ಮನಾದರೆ ಅದರ ಅರ್ಥವನ್ನು ಸೊಸೆಯೇ ಹುಡುಕಿಕೊಳ್ಳಬೇಕು. ನಾನು ಕೆಟ್ಟದ್ದನ್ನೇ ಹುಡುಕಿಕೊಂಡೆ. ಇವರು ಕಳಿಸುವುದಿಲ್ಲ, ಕೆಲಸ ಬಿಡು ಅನ್ನುವ ದಿನಕ್ಕೆ ಕಾಯುತ್ತಿದ್ದಾರೆ ಎಂದುಕೊಂಡೆ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಐದು ಕಂತುಗಳ ಚಿತ್ರ ಬಿಡಿಸಿ ಮುಗಿದಿತ್ತು. ಆರನೆಯದು ಇನ್ನೂ ನನ್ನ ಬಳಿಯೇ ಇತ್ತು. ಆಗ ಮೇಡಂ ಫೋನ್ ಮಾಡಿದರು. ಹೊಗಳುವ ದನಿಯೋ ಬೈಯುವ ದನಿಯೋ ಗೊತ್ತಾಗಲಿಲ್ಲ.

"ಒಂದು ಮಾತು ಕೇಳಬೇಕಿತ್ತು. ನಿಮ್ಮ ಆಡಿನ ಮನೆಯಲ್ಲಿ ಬಂದವರಿಗೆಲ್ಲ ನೀರು ಕೊಡುತ್ತಾರೆ, ಬಂದವರು ಹಿಡಿದುಕೊಂಡು ವಾಪಸ್ ಕೊಡುತ್ತಾರೆ. ಯಾರೂ ಕುಡಿಯುವುದಿಲ್ಲ. ಒಂಟೆ ಕುಡಿಯುವುದಿಲ್ಲ, ಬಿಡಿ. ಕಪ್ಪೆ ಯಾಕೆ ವಾಪಸ್ ಕೊಡುತ್ತದೆ?"

ನೋಡಿ ಹೇಳುತ್ತೇನೆ ಎಂದೆ. ಫೋನ್ ಇಟ್ಟು ಐದೂ ಕಂತುಗಳನ್ನು ಹಾಕಿ ನೋಡಿದೆ. ನಿಜ. ಒಂಟೆ, ಗೂಬೆ, ಮುಂಗುಸಿ, ಆಮೆ, ಕೊನೆಗೆ ಕಪ್ಪೆ, ಎಲ್ಲರೂ ಬಾಗಿಲಲ್ಲಿ ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದು ಗಳಿಗೆ ಹಿಡಿದು, ತುಳುಕಿಸದೆ ಮರಳಿಸುತ್ತಿದ್ದರು. ಚಿತ್ರ ಬಿಡಿಸುವವರು ಎಷ್ಟು ಮರ್ಯಾದೆಯಿಂದ ಬಿಡಿಸಿದ್ದರೆಂದರೆ, ಆ ಕಪ್ಪೆ ಥೇಟ್ ನಮ್ಮ ನಿಲಂಗಾದ ಬೀಗರ ಹಾಗೆ ಕಾಣುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ನೀರು. ಕೈಕಾಲಿಗೆ ಹೊರಗೊಂದು ತಂಬಿಗೆ, ಕುಡಿಯಲು ಒಳಗೊಂದು ತಂಬಿಗೆ, ಆಮೇಲೆ ಮಾತು. ಬರ ಬಿದ್ದಾಗ ಹೊರಗಿನ ತಂಬಿಗೆ ತಾನಾಗಿ ನಿಂತಿತು. ಒಳಗಿನದನ್ನು ನಿಲ್ಲಿಸಲು ಯಾವ ಮನೆಯವರಿಗೂ ಮನಸ್ಸು ಬರಲಿಲ್ಲ. ಬಂದವರಿಗೆ ನೀರು ಕೇಳದ ಮನೆ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಬಂದವರಿಗೋ, ಟ್ಯಾಂಕರಿನ ಸಾಲಿನಲ್ಲಿ ನಿಂತು ತಂದ ನೀರನ್ನು ಗಟಗಟ ಕುಡಿಯಲು ಮನಸ್ಸಾಗುತ್ತಿರಲಿಲ್ಲ. ಹಾಗಾಗಿ ಯಾರೂ ಕೂತು ಮಾತಾಡದೆಯೇ ಒಂದು ರೂಢಿ ಹುಟ್ಟಿಕೊಂಡಿತು. ಮನೆಯವರು ತಂಬಿಗೆ ಕೊಡಬೇಕು, ಬಂದವರು ಹಿಡಿದು, "ಕುಡದಂಗೇ ಆತು" ಎಂದು ತುಂಬಿದ್ದನ್ನು ತುಂಬಿದ ಹಾಗೆ ಕೈಗಿಡಬೇಕು. ನಿಲಂಗಾದಲ್ಲಿ ಗಂಡನ ಸೋದರತ್ತೆಯ ಮನೆಯಲ್ಲಿ ನಾವೂ ಹಾಗೇ ಮಾಡಿದೆವು. ಉಮರ್ಗಾದಿಂದ ಬಸ್ಸಿನಲ್ಲಿ ಬೆಂದು ಬಂದ ನನ್ನಪ್ಪ ನಮ್ಮ ಮನೆಯಲ್ಲಿ ತಂಬಿಗೆ ಮರಳಿಸಿ, ಆಮೇಲೆ ಚೀಲದಿಂದ ತಮ್ಮದೇ ಬಾಟಲಿ ತೆಗೆದು ಕುಡಿದರು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ನನ್ನ ಕಣ್ಣಿಗೆ ಮನೆಗೆ ಬರುವುದು ಅಂದರೆ ಅದೇ ಆಗಿಬಿಟ್ಟಿತ್ತು.

ನಾನು ಬರೆದ ಕಂತುಗಳಲ್ಲಿ ಹಾಗೆ ಬಂದಿದ್ದರೆ ಒಂದು ಮಾತು. ಪುಣೆಯ ಬರಹಗಾರನೊಬ್ಬ ಮುಂಗುಸಿ ಗಟಗಟನೆ ನೀರು ಕುಡಿಯುತ್ತದೆ ಎಂದು ಬರೆದು ಕಳಿಸಿದ್ದ. ನಾನು ಅದನ್ನು ಹೊಡೆದುಹಾಕಿ, ಮುಂಗುಸಿ ಮರ್ಯಾದಸ್ಥ ಪ್ರಾಣಿ, ಹೀಗೆ ಮಾಡುವುದಿಲ್ಲ ಎಂದು ಟಿಪ್ಪಣಿ ಬೇರೆ ಹಾಕಿದ್ದೆ. ಅವನು ಪಾಪ, ಇದು ಈ ಧಾರಾವಾಹಿಯ ನಿಯಮವಿರಬೇಕೆಂದು ಮುಂದಿನ ಕಂತಿನಲ್ಲಿ ತಾನೇ ಆಮೆಯ ಕೈಯಿಂದ ನೀರು ವಾಪಸ್ ಕೊಡಿಸಿದ್ದ. ಉಳಿದವರೂ ಅವನನ್ನು ನೋಡಿ ಕಲಿತಿದ್ದರು. ಕಥೆ ಕಾಯಬೇಕಾದವಳೇ ಐದು ಕಂತಿನ ತುಂಬ ಬರ ಬಿತ್ತಿದ್ದೆ.

ಮೇಡಂಗೆ ಮತ್ತೆ ಫೋನ್ ಮಾಡಿ ಹೀಗೆ ಹೀಗೆ ಎಂದು ಹೇಳಿದೆ. ಅವರು ಕೆಟ್ಟವರಲ್ಲ, ಸಮಾಧಾನದಿಂದ ಕೇಳಿದರು. ನಿಮ್ಮ ಊರಿನ ಮಾತು ನನಗೆ ಅರ್ಥವಾಯಿತು, ಟಿವಿ ನೋಡುವ ಮಗುವಿಗೆ ಯಾರು ಹೇಳುತ್ತಾರೆ ಎಂದರು. ಮನೆಗೆ ಬಂದವರು ಕೊಟ್ಟದ್ದನ್ನು ಬೇಡ ಅನ್ನುವುದು ಮಕ್ಕಳಿಗೆ ಸೊಕ್ಕಿನಂತೆ ಕಾಣುತ್ತದೆ. ಬಿಡಿಸಿ ಮುಗಿದದ್ದನ್ನು ಮತ್ತೆ ಬಿಡಿಸಲು ಸಮಯವಿಲ್ಲ. ಮೇಲಿನವರು ಆರೂ ಕಂತುಗಳನ್ನು ಒಟ್ಟಿಗೆ ನೋಡುತ್ತಾರೆ, ಆರನೆಯದನ್ನು ಕರಡು ಚಿತ್ರಗಳಲ್ಲೇ ತೋರಿಸುತ್ತೇವೆ. ಅಷ್ಟರಲ್ಲಿ ಏನಾದರೂ ಮಾಡಿ, ಇಲ್ಲದಿದ್ದರೆ ನೀವು ಇಲ್ಲಿಗೆ ಬರುವುದೇ ಒಳ್ಳೆಯದು ಎಂದರು.

ಅತ್ತೆ ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಎಲ್ಲವನ್ನೂ ಹೇಳಿದೆ, ಕಪ್ಪೆಯ ಕಥೆ ಸಮೇತ. ಮೊದಲು ಮೊರ ಅಲುಗುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ ಗದರಿದರು.

"ಇಲ್ಲಿಂದು ಸಾಲಲಿಲ್ಲಂತ ಅಲ್ಲಿಗೂ ಒಯ್ದಿ ಏನ್ ಬರ? ಆಡಿನ ಮನಿಗಿ ಬಂದೋರರೆ ಹೊಟ್ಟಿ ತುಂಬ ಕುಡ್ದು ಹೋಗ್ಲಿ ಬಿಡು."

ನನಗೆ ಸಿಟ್ಟು ಬಂತು. ಬಿಡಿಸಿ ಆಗಿದೆ, ಈಗ ಹೇಳಿದರೆ ಏನು ಬಂತು ಎಂದು ಎದುರು ಮಾತಾಡಿ ಒಳಗೆ ಬಂದೆ. ಬಂದು ಕೂತ ಮೇಲೆ ಸಿಟ್ಟಿನ ಜೊತೆಗೇ ದಾರಿಯೂ ಕಂಡಿತು. ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ಒಂದು ಸಲ ಆದರೆ ಅದು ತಪ್ಪು, ಐದು ಸಲ ಆದರೆ ಅದು ಆ ಮನೆಯ ಪದ್ಧತಿ. ಐದನ್ನು ಅಳಿಸಲಾಗದು, ಸರಿ. ಆರನೆಯದರಲ್ಲಿ ಪದ್ಧತಿಯನ್ನೇ ಮುರಿದರೆ?

ಆರನೆಯ ಕಂತಿನ ಅತಿಥಿಯನ್ನು ಬದಲಿಸಿದೆ. ಊರಿಗೆಲ್ಲ ನೀರಿನ ಕೊಡ ಹೊರುವ ಒಂದು ಮುದಿ ಕತ್ತೆಯನ್ನು ತಂದೆ. ಬಾಗಿಲಿಗೆ ಬಂದಾಗ ಅದರ ಬಾಯಿ ಒಣಗಿದೆ. ಆದರೂ ಎಲ್ಲರ ಹಾಗೆ ತಂಬಿಗೆ ಹಿಡಿದು, ಒಂದು ಗಳಿಗೆ ನಿಂತು, ಮರಳಿಸಲು ಚಾಚುತ್ತದೆ. ತಾಯಿ ಆಡು ತೆಗೆದುಕೊಳ್ಳುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತದೆ. ಕತ್ತೆ ಇನ್ನಷ್ಟು ಚಾಚುತ್ತದೆ. ಆಡು, "ಕುಡಿ" ಎನ್ನುತ್ತದೆ. ಕತ್ತೆ ಕುಡಿಯುತ್ತದೆ.

ಅಲ್ಲಿ ಸಂಗೀತ ಬೇಡ, ಮಾತು ಬೇಡ, ತಂಬಿಗೆ ಖಾಲಿಯಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಚಿತ್ರ ನಡೆಯಲಿ ಎಂದು ಬರೆದೆ. ಕರಡು ಬಿಡಿಸುವವನು ತಕರಾರು ತೆಗೆದ. ಹನ್ನೊಂದು ನಿಮಿಷದ ಕಂತಿನಲ್ಲಿ ಬರೀ ಗಂಟಲು ಅಲುಗುವುದನ್ನು ಇಷ್ಟು ಹೊತ್ತು ತೋರಿಸಿದರೆ ಮಕ್ಕಳು ಎದ್ದು ಹೋಗುತ್ತಾರೆ ಎಂದ. ಅವನ ಜೊತೆ ಮರಾಠಿಯಲ್ಲಿ ಚೆನ್ನಾಗಿ ಜಗಳವಾಡಿದೆ. ನಿನಗೆ ನಿಜವಾಗಿ ಬಾಯಾರಿಕೆ ಆದದ್ದು ಯಾವಾಗ ಎಂದು ಕೇಳಿದ ಮೇಲೆ ಬರೆದ ಹಾಗೇ ಬಿಡಿಸಿದ. ಕತ್ತೆ ಹೋದ ಮೇಲೆ ಮರಿ, ಇಷ್ಟು ದಿನ ಯಾರೂ ಯಾಕೆ ಕುಡಿಯಲಿಲ್ಲ ಎಂದು ಕೇಳುತ್ತದೆ. ನಮ್ಮ ಕೊಡದಲ್ಲಿ ಎಷ್ಟಿದೆ ಎಂದು ಅವರಿಗೆಲ್ಲ ಗೊತ್ತಿತ್ತು ಎನ್ನುತ್ತದೆ ತಾಯಿ. ಅಷ್ಟರಲ್ಲಿ ಕಪ್ಪೆ ಬಾಗಿಲಿಗೆ ಬಂದು, ನನ್ನದೂ ಒಂದು ತಂಬಿಗೆ ಬಾಕಿ ಇದೆಯಲ್ಲ ಎನ್ನುತ್ತದೆ. ಅದನ್ನು ಬರೆದಾಗ ಎಷ್ಟೋ ದಿನಗಳ ಮೇಲೆ ನಾನೇ ಬರೆದದ್ದಕ್ಕೆ ನಾನೇ ನಕ್ಕೆ.

ಮುಂಬೈಯಲ್ಲಿ ಕಂತುಗಳನ್ನು ನೋಡುವ ದಿನ ನಮ್ಮ ಬೀದಿಗೆ ಟ್ಯಾಂಕರ್ ಬಂತು. ಮೊದಲೇ ಹೇಳಿ ಬರುವ ಅಭ್ಯಾಸ ಅದಕ್ಕಿರಲಿಲ್ಲ. ಕೊಡ, ಬಕೆಟ್ಟು, ಸಿಕ್ಕದ್ದನ್ನೆಲ್ಲ ಹಿಡಿದು ಓಡಿದೆವು. ನಮ್ಮ ಸರದಿ ಬಂದು ನಾನು ಪೈಪನ್ನು ಡ್ರಮ್ಮಿನ ಬಾಯಿಗೆ ಒತ್ತಿ ಹಿಡಿದಿದ್ದೆ. ನೀರಿನ ಜೋರಿಗೆ ಪೈಪು ಹಾವಿನಂತೆ ಹೊರಳುತ್ತಿತ್ತು, ಒಂದು ಕೈ ಬಿಟ್ಟರೂ ನೀರೆಲ್ಲ ರಸ್ತೆ ಪಾಲು. ಸೆರಗಿನ ಗಂಟಿನಲ್ಲಿದ್ದ ಫೋನ್ ಬಡಿದುಕೊಳ್ಳತೊಡಗಿತು. ಅತ್ತೆಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ಫೋನ್ ಬಿಚ್ಚಿ ತೆಗೆದು ನನ್ನ ಕಿವಿಗೆ ಹಿಡಿದರು.

ಮೇಡಂ ಸುತ್ತುಬಳಸಲಿಲ್ಲ. ಆರೂ ಪಾಸಾಗಿವೆ ಎಂದರು. ಕತ್ತೆ ನೀರು ಕುಡಿಯುವಾಗ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲವಂತೆ. ನೀವು ಅಲ್ಲೇ ಇರಿ, ಅಲ್ಲಿಂದಲೇ ಬರೆಯಿರಿ ಎಂದರು. ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಒಮ್ಮೆಲೇ ಇಳಿದುಹೋಯಿತು. ಬೀದಿಯವರ ಎದುರಿಗೆ ಅಳು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅತ್ತೆ ಫೋನನ್ನು ತಮ್ಮ ಸೆರಗಿಗೆ ಒರೆಸುತ್ತ ಏನಂತೆ ಎಂದು ಕೇಳಿದರು. ಮುಂಬೈಗೆ ಹೋಗುವುದು ತಪ್ಪಿತು, ಇಲ್ಲೇ ಇರುವುದು ಎಂದೆ. ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅರಳಲಿಲ್ಲ.

"ಹಂಗಾದ್ರ ಹೋಗಾದಿಲ್ಲೇನ?" ಎಂದರು. "ನಾ ನಿನ್ನ ಸಂಗಾಟ ಬರಬೇಕಂತ ಮಾಡಿದ್ದೆ. ನೀ ಆಫೀಸಿಗಿ ಹೋಗ್ತಿ, ಅಡಗಿ ನಾ ಮಾಡ್ತಿದ್ದೆ, ಕೂಸಿಗಿ ಸಾಲಿಗಿ ಬಿಡ್ತಿದ್ದೆ. ಅಂವಗ ಅಂಗಡಿ ಅದಾ, ಇರ್ತಿದ್ದ ಒಬ್ಬಾಂವ. ಅಂವಗ ಹೆಂಗ ಹೇಳಬೇಕಂತಲೇ ಇಷ್ಟು ದಿನ ಬಾಯಿ ಬಿಡ್ಲಿಲ್ಲ ನಾ."

ನಾನು ಬಾಯಿ ತೆರೆದು ಅವರನ್ನೇ ನೋಡುತ್ತಿದ್ದೆ. ಅದನ್ನು ನೋಡಿ ಅವರಿಗೆ ಎಲ್ಲವೂ ಹೊಳೆಯಿತೆಂದು ಕಾಣುತ್ತದೆ.

"ನಿಂದು ಕೆಲಸ ಬಿಡಸ್ತೀನಂತ ತಿಳ್ಕೊಂಡಿದ್ದೇನ?"

ಹೌದು ಎನ್ನಲು ನಾಚಿಕೆಯಾಯಿತು, ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಪೈಪು ಬಿಟ್ಟು ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ಪೈಪು ಬಿಟ್ಟರೆ ಮೊದಲು ಬೈಯುವವರು ಅವರೇ.